ಅಪ್ಪ ಹೇಳಿದ ನೋವು

ಹೋದ ತಿಂಗಳು ಅಪ್ಪನ ದವಡೆ ಹಲ್ಲು ಕೀಳಿಸಲು ಹೋಗಿದ್ದೆವು. ವಸಡು ಮರಗಟ್ಟಿಸುವ ಲಿಗ್ನೊಕೇನ್ ಇಂಜೆಕ್ಷನ್ ಆಯ್ತು. ತುಟಿ ದಪ್ಪ ಅನ್ನಿಸ್ತಿದೆಯಾ ಅಂತ ಡಾಕ್ಟರ್ ಕೇಳಿದರು. ಹೂಂ ಅಂದರು ಅಪ್ಪ. ಇಕ್ಕಳ ಹಾಕಿದ್ದೇ ತಡ, ಕೂಗಿಕೊಂಡರು. ಇನ್ನೊಂದು ಇಂಜೆಕ್ಷನ್ ಕೊಟ್ಟರೂ ಅದೇ ಕಥೆ. "ಇಷ್ಟು ಕೊಟ್ಟ ಮೇಲೆ ನೋವಾಗಲ್ಲ ಅಂಕಲ್, ಅದು ಭಯ ಅಷ್ಟೇ" ಅಂದರು ಡಾಕ್ಟರ್. ಅಪ್ಪ ಸೂಜಿಗೆ ಹೆದರುವವರಲ್ಲ. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಬೆನ್ನಿನ ಆಪರೇಷನ್ ಆದಮೇಲೆ ಅಪ್ಪ ಆರು ವರ್ಷದಿಂದ ಟ್ರಮಡಾಲ್ ತಗೋತಾರೆ. ಅದು ಅಫೀಮಿನ ಹಾಗೆ ಕೆಲಸ ಮಾಡುವ ನೋವಿನ ಮಾತ್ರೆ. ಬಿಪಿ, ಶುಗರ್ ಇದೆಯಾ ಅಂತ ಕೇಳಿದರು, ಇದನ್ನು ಕೇಳಲಿಲ್ಲ. ನಾವೂ ಹೇಳಲಿಲ್ಲ. 2018ರಲ್ಲಿ ಟ್ರಮಡಾಲ್ ಮಾದಕ ವಸ್ತು ಕಾಯ್ದೆಯ ಅಡಿ ಬಂತು. ಹಾಗಾಗಿ ಮೆಡಿಕಲ್ ಶಾಪಿನಲ್ಲಿ ಆ ಹೆಸರು ಹೇಳುವುದಕ್ಕೇ ಅಪ್ಪ ಮುಜುಗರಪಡ್ತಾರೆ.

ಲಿಗ್ನೊಕೇನ್ ನರದಲ್ಲಿ ಸೋಡಿಯಂ ಹಾದುಹೋಗುವ ದಾರಿ ಮುಚ್ಚಿ, ನೋವಿನ ಸುದ್ದಿ ಮುಂದೆ ಹೋಗದಂತೆ ಮಾಡುತ್ತದೆ. ಟ್ರಮಡಾಲ್‌ನಂಥ ಮಾತ್ರೆಗಳು ಕೆಲಸ ಮಾಡುವುದು ಮುಖ್ಯವಾಗಿ ಮಿದುಳು, ಬೆನ್ನುಹುರಿಯಲ್ಲಿ. ಎರಡಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತೆ ಅಲ್ವಾ? ಆದರೆ ವರ್ಷಗಟ್ಟಲೆ ತಗೊಂಡರೆ ಕೆಲವರ ನರಮಂಡಲವೇ ಬದಲಾಗಿ, ಸಣ್ಣ ನೋವೂ ಜಾಸ್ತಿ ಆಗಿ ಕಾಣಬಹುದು, ಮರಗಟ್ಟಿಸುವ ಇಂಜೆಕ್ಷನ್ ಸಾಲದೇ ಹೋಗಬಹುದು. ಇರಾನ್‌ನಲ್ಲಿ ಅಫೀಮು ಸೇವಿಸುವವರ ಮೇಲೆ ನಡೆದ ಅಧ್ಯಯನಗಳಲ್ಲಿ, ಬೆನ್ನಿಗೆ ಕೊಟ್ಟ ಅನಸ್ತೇಶಿಯಾ ಉಳಿದವರಿಗಿಂತ ಬೇಗ ಇಳಿದದ್ದು ಕಂಡಿದೆ.

ಅಪ್ಪನ ಹಲ್ಲಿನ ಬುಡದಲ್ಲಿ ಕೀವೂ ಇತ್ತು. ಕೀವು ಇರುವ ಜಾಗದಲ್ಲಿ ಆಮ್ಲ ಜಾಸ್ತಿ, ಅಲ್ಲಿ ಲಿಗ್ನೊಕೇನ್ ನರದೊಳಗೆ ಸರಿಯಾಗಿ ಇಳಿಯುವುದಿಲ್ಲ. ಹಾಗಾಗಿ ಎಲ್ಲವನ್ನೂ ಮಾತ್ರೆಯ ತಲೆಗೆ ಕಟ್ಟುವುದು ತಪ್ಪು. ಆದರೆ ನೋವು ಅಂದವರನ್ನು ನಂಬದೇ ಇರುವುದು ಅದಕ್ಕಿಂತ ದೊಡ್ಡ ತಪ್ಪು.

ಇದನ್ನು ಓದಿ ಯಾರೂ ಮಾತ್ರೆಯನ್ನು ದಿಢೀರಂತ ನಿಲ್ಲಿಸಬೇಡಿ. ಹಾಗೆ ಮಾಡಿದರೆ ಮೈಕೈ ನೋವು, ಬೆವರು, ಚಡಪಡಿಕೆ ಎಲ್ಲಾ ಶುರುವಾಗುತ್ತೆ. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಡಿ ಅಂತಲೂ ಒತ್ತಾಯ ಮಾಡಬೇಡಿ. ಲಿಗ್ನೊಕೇನ್ ಮಿತಿ ಮೀರಿದರೆ ಫಿಟ್ಸ್ ಬರಬಹುದು, ಹೃದಯಕ್ಕೂ ತೊಂದರೆ. ಕುರ್ಚಿಯಲ್ಲಿ ಕೂರುವ ಮೊದಲೇ ಯಾವ ಮಾತ್ರೆ, ಎಷ್ಟು ವರ್ಷದಿಂದ ಅಂತ ಹೇಳಿಬಿಡಿ. ನಾಚಿಕೆ ಬೇಡ.

ಎರಡನೇ ಸಲ ಬೇರೆ ಡಾಕ್ಟರ್ ಹತ್ತಿರ ಹೋದೆವು. ಮಾತ್ರೆಯ ಚೀಟಿ ಪೂರ್ತಿ ಓದಿದರು. ಮೊದಲು ಕೀವು ಇಳಿಸಿದರು. ವಾರ ಬಿಟ್ಟು, ನರದ ಬುಡಕ್ಕೇ ಇಂಜೆಕ್ಷನ್ ಕೊಟ್ಟು ಆರಾಮಾಗಿ ಕಾದರು. "ನೋವಾದ್ರೆ ಎಡಗೈ ಎತ್ತಿ, ನಿಲ್ಲಿಸ್ತೀನಿ" ಅಂದರು. ಅಪ್ಪ ಒಂದೇ ಸಲ ಕೈ ಎತ್ತಿದರು. ಅವರು ತಕ್ಷಣ ನಿಲ್ಲಿಸಿದರು.