ಲೈಸಿಸ್ಟ್ರಾಟಾ: ಹಾಸಿಗೆ ಕಥೆ ಬಿಡಿ, ಖಜಾನೆ ಕಥೆ ಕೇಳಿ

ಲೈಸಿಸ್ಟ್ರಾಟಾ ಅಂದ ತಕ್ಷಣ ಎಲ್ರೂ ಹೇಳೋದು ಒಂದೇ, "ಓ, ಯುದ್ಧ ನಿಲ್ಸೋ ತನಕ ಗಂಡಂದಿರ ಜೊತೆ ಮಲಗಲ್ಲ ಅಂತ ಹೆಂಗಸ್ರು ಸ್ಟ್ರೈಕ್ ಮಾಡ್ತಾರಲ್ಲ, ಆ ನಾಟಕ ತಾನೆ". ಹೌದು ಅದೇ, ಅರಿಸ್ಟೋಫನೀಸ್ ಬರೆದಿದ್ದು, ಕ್ರಿ.ಪೂ. 411ರಲ್ಲಿ ಅಥೆನ್ಸ್‌ನಲ್ಲಿ ಆಡಿದ್ದು. ಆದ್ರೆ ಅಷ್ಟು ಹೇಳಿ ನಕ್ಕು ಮುಂದೆ ಹೋದ್ರೆ ನಂಗೆ ನಿಜವಾಗ್ಲೂ ಸಂಕಟ ಆಗುತ್ತೆ, ಯಾಕಂದ್ರೆ ಡಿಗ್ರಿಲಿ ಓದಿದಾಗ ನಾನೂ ಅಷ್ಟನ್ನೇ ನೋಡಿದ್ದೆ, ಅದರಲ್ಲಿ ಇನ್ನೊಂದು ಕೆಲಸ ನಡೀತಿದೆ ಅನ್ನೋದೇ ಕಣ್ಣಿಗೆ ಬಿದ್ದಿರ್ಲಿಲ್ಲ.

ಪ್ರಾಯದ ಹೆಂಡ್ತಿಯರು ಆಣೆ ಮಾಡ್ತಿರೋ ಹೊತ್ತಿಗೇ ಊರಿನ ಮುದುಕಿಯರು ಆಕ್ರೋಪೊಲಿಸ್ ಗುಡ್ಡ ಹತ್ತಿ ಬಾಗಿಲು ಹಾಕ್ಕೊಂಡು ಕೂತ್ಬಿಡ್ತಾರೆ. ಯಾಕೆ ಅಲ್ಲೇ? ಯುದ್ಧದ ದುಡ್ಡು ಇರೋದು ಅಲ್ಲಿ, ಅಥೇನಾ ದೇವಿಯ ಖಜಾನೇಲಿ. ಕ್ರಿ.ಪೂ. 431ರಲ್ಲಿ ಇನ್ನೊಂದು ಗ್ರೀಕ್ ನಗರ ಸ್ಪಾರ್ಟಾ ಜೊತೆ ಯುದ್ಧ ಶುರುವಾದಾಗ ಅಥೆನ್ಸಿನವ್ರು 1000 ಟ್ಯಾಲೆಂಟ್ ಎತ್ತಿಟ್ಟಿದ್ರು, ಒಂದು ಟ್ಯಾಲೆಂಟ್ ಅಂದ್ರೆ ಸುಮಾರು 26 ಕೆಜಿ ಬೆಳ್ಳಿ, ಶತ್ರು ಹಡಗು ಊರ ಮೇಲೇ ಬಂದ್ರೆ ಬಿಟ್ಟು ಬೇರೆ ಯಾವುದಕ್ಕಾದ್ರೂ ಈ ದುಡ್ಡು ಮುಟ್ಟೋಣ ಅಂತ ಸಭೇಲಿ ಬಾಯಿ ಬಿಟ್ಟೋನಿಗೆ ಮರಣದಂಡನೆ ಅಂತ ಕಾನೂನೇ ಮಾಡಿದ್ರು. 413ರಲ್ಲಿ ಸಿಸಿಲಿ ದ್ವೀಪದ ಸಿರಾಕ್ಯೂಸ್ ನಗರ ಗೆಲ್ಲೋಕೆ ಹೋದ ಅಥೆನ್ಸ್ ಪಡೆ ಪೂರ್ತಿ ನಾಶ ಆಯ್ತು. ಕೈಗೆ ಸಿಕ್ಕೋರನ್ನ, 7000ಕ್ಕೆ ಕಮ್ಮಿ ಇರ್ಲಿಲ್ಲ ಅಂತಾನೆ ಆ ಕಾಲದ ಇತಿಹಾಸಕಾರ ಥುಸಿಡಿಡೀಸ್, ಸಿರಾಕ್ಯೂಸ್‌ನ ಕಲ್ಲುಗಣಿಗೆ ತಳ್ಳಿದ್ರು, ಮೇಲೆ ಸೂರಿಲ್ಲ, ಹೊಟ್ಟೆಗಿಲ್ಲ, ಸತ್ತೋರ ಪಕ್ಕದಲ್ಲೇ ಬದುಕಿದೋರು. ಮುಂದಿನ ವರ್ಷ ಅಥೆನ್ಸ್ ಜೊತೆಗಿದ್ದ ಕಿಯೋಸ್ ದ್ವೀಪ ತಿರುಗಿಬಿದ್ದಾಗ ಆ ಆಪತ್ಧನದ ಬೀಗಾನೂ ತೆಗೆದ್ರು. ಅದಾದ ಮೇಲೆ ಬರೋ ಚಳಿಗಾಲಾನೇ ಈ ನಾಟಕದ್ದು. ನಾಟಕ ಆಡ್ತಿದ್ದ ಡಯೊನೈಸಸ್ ರಂಗಮಂದಿರ ಇರೋದು ಅದೇ ಗುಡ್ಡದ ತಪ್ಪಲಲ್ಲಿ, ಹೆಂಗಸ್ರು ಹಿಡ್ಕೊಂಡಿರೋ ಖಜಾನೆ ಪ್ರೇಕ್ಷಕರ ತಲೆ ಮೇಲೇ ಇದೆ ಅಂದ್ಕೊಳಿ.

ಯುದ್ಧದ ಹಡಗಿಗೆ ಹುಟ್ಟು ಮಾಡಿಸೋಕೆ ದುಡ್ಡು ಬೇಕು ಅಂತ ಒಬ್ಬ ವಯಸ್ಸಾದ ಅಧಿಕಾರಿ ಬರ್ತಾನೆ, ಬಾಗಿಲು ಮುಚ್ಚಿದೆ. ಇನ್ಮೇಲೆ ದುಡ್ಡು ನಾವು ನೋಡ್ಕೋತೀವಿ ಅಂತಾಳೆ ಈ ಹೆಂಗಸರ ನಾಯಕಿ ಲೈಸಿಸ್ಟ್ರಾಟಾ, ಮನೆ ದುಡ್ಡು ನೋಡ್ಕೋತಿರೋದು ನಾವೇ ಅಲ್ವಾ. ಅದು ಬೇರೆ, ಇದು ಯುದ್ಧದ ದುಡ್ಡು ಅಂತಾನೆ ಅವನು. ಯುದ್ಧಾನೇ ಬೇಕಾಗಿಲ್ಲ ಅಂತಾಳೆ ಅವಳು. ಸಾಸಿವೆ ಡಬ್ಬೀಲಿ ದುಡ್ಡಿಟ್ಟು ತಿಂಗಳ ಕೊನೆ ದಾಟಿಸೋ ಅಮ್ಮನ ಮಗ ನಾನು, ಈ ಮಾತು ನಂಗೆ ನೇರ ಒಳಗೆ ಇಳೀತು.

ಆಮೇಲೆ ಅವಳು ತನ್ನ ಮನೆ ಕಥೆ ಹೇಳ್ತಾಳೆ. ನೀವು ಸಭೇಲಿ ಏನೋ ಕೆಟ್ಟ ತೀರ್ಮಾನ ಮಾಡಿದ್ದು ಮನೇಲಿ ಕೂತ ನಮ್ಮ ಕಿವಿಗೂ ಬೀಳ್ತಿತ್ತು, ಒಳಗೆ ನೋವಿದ್ರೂ ಮೇಲೆ ನಗ್ತಾ ಕೇಳ್ತಿದ್ವಿ, ಇವತ್ತು ಶಾಂತಿ ಬಗ್ಗೆ ಏನಾಯ್ತು ಅಂತ. "ನಿಂಗ್ಯಾಕೆ ಅದೆಲ್ಲಾ, ಬಾಯ್ಮುಚ್ಚು" ಅಂತಿದ್ದ ಗಂಡ. ನಾನು ಮುಚ್ತಿದ್ದೆ. ಇನ್ನೊಂದ್ಸಲ ಕೇಳಿದ್ರೆ ಕೆಕ್ಕರಿಸಿ ನೋಡಿ, ನೂಲು ನೋಡ್ಕೋ ಇಲ್ಲಾಂದ್ರೆ ತಲೆಗೆ ಬೀಳುತ್ತೆ, ಯುದ್ಧ ಗಂಡಸರ ಕೆಲಸ ಅಂತಿದ್ದ. ಆ ಕೊನೇ ಮಾತು ಹೋಮರನ ಮಹಾಕಾವ್ಯ ಇಲಿಯಡ್‌ನಲ್ಲಿ ಟ್ರಾಯ್‌ನ ವೀರ ಹೆಕ್ಟರ್ ಯುದ್ಧಕ್ಕೆ ಹೊರಡೋವಾಗ ಹೆಂಡ್ತಿಗೆ ಹೇಳಿದ್ದು, ಅಲ್ಲಿ ಅದು ವೀರನ ವಿದಾಯ, ಇಲ್ಲಿ ಒದೆ ತಿನ್ನೋಕೆ ಮುಂಚಿನ ಎಚ್ಚರಿಕೆ.

ಸರಿ, ನೂಲಿನ ಮಾತೇ ಆಡೋಣ ಅಂತಾಳೆ. ಹಸಿ ಉಣ್ಣೆ ಥರ ಮೊದ್ಲು ಊರನ್ನ ತೊಳೀಬೇಕು, ಕೊಳೆ ಹೋಗ್ಬೇಕು, ಅಂಟಿರೋ ಮುಳ್ಳು ಆರಿಸಿ ತೆಗೀಬೇಕು, ಅಧಿಕಾರಕ್ಕೋಸ್ಕರ ಗಂಟು ಕಟ್ಕೊಂಡಿರೋರನ್ನ ಹಿಂಜಿ ಬಿಡಿಸ್ಬೇಕು, ವಲಸೆ ಬಂದೋರು, ಸ್ನೇಹಿತರಾದ ಪರದೇಶದೋರು, ಸರ್ಕಾರಕ್ಕೆ ಸಾಲ ಬಾಕಿ ಇರೋರು ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿ ಬೆರೆಸ್ಬೇಕು, ದೊಡ್ಡ ಉಂಡೆ ಮಾಡಿ ಜನಕ್ಕೊಂದು ಮೇಲುಹೊದಿಕೆ ನೇಯಬೇಕು. ನಮ್ಮಜ್ಜಿ ಕಂಬಳಿಗೆ ಉಣ್ಣೆ ಹಿಂಜೋವಾಗ ಪಕ್ಕದಲ್ಲಿ ಕೂತು ನೋಡಿದೀನಿ. ಮುಳ್ಳು ಎಳೆದ್ರೆ ಬರಲ್ಲ, ಸುತ್ತಲಿನ ಎಳೆ ಒಂದೊಂದೇ ಸಡಿಲ ಮಾಡ್ಬೇಕು, ಬೆರಳ ತುದಿ ಕೆಂಪಾಗುತ್ತೆ. ಆ ಕೆಲಸ ಗೊತ್ತಿರೋರಿಗೆ ಇದು ಬರೀ ಹೋಲಿಕೆ ಅನ್ಸಲ್ಲ, ಊರು ಆಳೋಕೆ ಬೇಕಾಗಿರೋ ತಾಳ್ಮೆ ಇದೇ ಅನ್ಸುತ್ತೆ.

ಯುದ್ಧದಲ್ಲಿ ನಿಮಗೆ ಯಾವ ಪಾಲೂ ಇಲ್ಲ, ಉಣ್ಣೆ ಕಥೆ ಹೇಳ್ತೀರಾ ಅಂತ ರೇಗ್ತಾನೆ ಅಧಿಕಾರಿ. ಅದಕ್ಕೆ ಅವಳು, ನಿಮ್ಮ ಎರಡರಷ್ಟು ಹೊರ್ತೀವಿ ನಾವು, ಮೊದ್ಲು ಮಕ್ಕಳನ್ನ ಹೆತ್ತು, ಆಮೇಲೆ ಅವರನ್ನ ಸೈನಿಕರು ಅಂತ ಕಳಿಸಿ... ಅಷ್ಟರಲ್ಲಿ ಅವನು ತಡೀತಾನೆ. "ಸುಮ್ನಿರು, ಹಳೇ ಗಾಯ ಕೆದಕಬೇಡ."

ಇಲ್ಲಿ ನಾನು ಪುಸ್ತಕ ಕೆಳಗಿಟ್ಟೆ. ಸಿಸಿಲಿ ಆಗಿ ಎರಡು ವರ್ಷ ಆಗಿಲ್ಲ, ನೋಡ್ತಾ ಕೂತೋರಲ್ಲಿ ಮಗನ್ನೋ ತಮ್ಮನ್ನೋ ಕಳ್ಕೊಂಡಿರೋರು ಎಷ್ಟು ಜನ ಇದ್ರೋ, ಅಷ್ಟು ಹೊತ್ತು ನಗಿಸಿದ ನಾಟಕಕಾರ ಆ ಒಂದು ಸಾಲನ್ನ ಅರ್ಧಕ್ಕೇ ನಿಲ್ಲಿಸ್ತಾನೆ. ಪೂರ್ತಿ ಮಾಡೋ ಅಗತ್ಯ ಯಾರಿಗೂ ಇರ್ಲಿಲ್ಲ. ಅವಳು ಮಾತು ಬಿಡಲ್ಲ, ಮದುವೆ ಆಗ್ದೆ ಮನೇಲೇ ವಯಸ್ಸಾಗ್ತಿರೋ ಹುಡ್ಗೀರ ಬಗ್ಗೆ ಹೇಳ್ತಾಳೆ. ಗಂಡಸರಿಗೂ ವಯಸ್ಸಾಗಲ್ವಾ ಅಂತಾನೆ. ಆಗುತ್ತೆ, ಆದ್ರೆ ತಲೆ ನರೆತು ವಾಪಸ್ ಬಂದ್ರೂ ಅವನಿಗೆ ಹುಡ್ಗಿ ಸಿಗ್ತಾಳೆ, ಹೆಣ್ಣಿನ ಕಾಲ ಚಿಕ್ಕದು, ಅದು ಕಳೆದ್ರೆ ಶಕುನ ಕೇಳ್ಕೊಂಡು ಕೂತಿರ್ಬೇಕು. ಯುದ್ಧ ಹೆಣ್ಣಿನ ಬದುಕನ್ನ ಹೇಗೆ ತಿನ್ನುತ್ತೆ ಅಂತ ಇಷ್ಟು ಕಮ್ಮಿ ಮಾತಲ್ಲಿ ಹೇಳಿರೋದನ್ನ ನಾನು ಬೇರೆಲ್ಲೂ ಓದಿಲ್ಲ.

ಹಾಗಂತ ಇದನ್ನ ಇವತ್ತಿನ ಅರ್ಥದಲ್ಲಿ ಸ್ತ್ರೀವಾದಿ ನಾಟಕ ಅನ್ನೋದು ತಪ್ಪು. ಹೆಣ್ಣು ಪಾತ್ರ ಎಲ್ಲಾ ಮಾಡಿದ್ದು ಗಂಡಸರು. ಹೆಂಗಸ್ರು ಕುಡುಕಿಯರು, ಗಂಡಸು ಬಿಟ್ಟಿರಲಾರದೋರು ಅನ್ನೋ ಹಳೇ ಜೋಕುಗಳು ಬೇಕಾದಷ್ಟಿವೆ. ಕೊನೇಲಿ 'ಸಂಧಾನ' ಅಂತ ಬೆತ್ತಲೆ ಹೆಣ್ಣಿನ ರೂಪ ತಂದು ನಿಲ್ಲಿಸ್ತಾರೆ, ಎರಡೂ ಕಡೆ ರಾಯಭಾರಿಗಳು ಅವಳ ಮೈ ತೋರ್ಸಿ ಈ ಜಾಗ ನಮ್ಗೆ, ಆ ಜಾಗ ನಿಮ್ಗೆ ಅಂತ ನಾಡು ಹಂಚ್ಕೋತಾರೆ. ಅವಳಿಗೆ ಒಂದು ಮಾತೂ ಇಲ್ಲ. ಅಷ್ಟು ಹೊತ್ತು ಬಾಯ್ಮುಚ್ಚು ಅನ್ನಿಸ್ಕೊಂಡ ನೋವನ್ನ ಬರೆದ ಕೈಯೇ ಇದನ್ನೂ ಬರೀತಲ್ಲ ಅಂತ ಬೇಜಾರಾಗುತ್ತೆ, ಆ ಬೇಜಾರು ಎಷ್ಟು ಸಲ ಓದಿದ್ರೂ ಹೋಗಿಲ್ಲ.

ಆಫ್ರಿಕಾದ ಲೈಬೀರಿಯಾದಲ್ಲಿ ಅಂತರ್ಯುದ್ಧ ನಿಲ್ಸೋಕೆ ಹೆಂಗಸರನ್ನ ಒಟ್ಟುಗೂಡಿಸಿದ ಲೇಮಾ ಬೋವಿ ಹೆಸರು ಕೇಳಿರ್ತೀರ, 2011ರ ಶಾಂತಿ ನೊಬೆಲ್ ಪಡೆದೋರಲ್ಲಿ ಒಬ್ರು. ಅವರ ಬಗ್ಗೆ ಬರೆಯೋವಾಗೆಲ್ಲಾ ಸೆಕ್ಸ್ ಸ್ಟ್ರೈಕ್ ಅಂತ ಹೆಡ್‌ಲೈನ್ ಹಾಕ್ತಾರೆ. ಅದರಿಂದ ಹೆಚ್ಚೇನೂ ಕೆಲಸ ಆಗಿಲ್ಲ, ಮೀಡಿಯಾ ತಿರುಗಿ ನೋಡಿತು ಅಷ್ಟೇ ಅಂತ ಅವರೇ ಬರ್ಕೊಂಡಿದಾರೆ. ಕೆಲಸ ಆಗಿದ್ದು ಬಿಳಿ ಬಟ್ಟೆ ಹಾಕ್ಕೊಂಡು ಬಿಸಿಲು ಮಳೇಲಿ ಮೀನು ಮಾರ್ಕೆಟ್ ಹತ್ರ ದಿನಾ ಕೂತಿದ್ರಿಂದ, 2003ರಲ್ಲಿ ಘಾನಾದ ಅಕ್ರಾದಲ್ಲಿ ಶಾಂತಿ ಮಾತುಕತೆ ಎಳೀತಿದ್ದಾಗ ಹಾಲ್ ಬಾಗಿಲಲ್ಲಿ ಕೂತು ಒಳಗಿರೋ ಗಂಡಸರನ್ನ ಹೊರಗೆ ಬಿಡದೇ ಇದ್ದಿದ್ರಿಂದ. ಮುದುಕಿಯರು ಗುಡ್ಡದ ಬಾಗಿಲು ಹಾಕಿದ್ರಲ್ಲ, ಅದೇ ಕೆಲಸ.

ಅಥೆನ್ಸ್ ಆ ಚಳಿಗಾಲದಲ್ಲಿ ನಾಟಕ ನೋಡಿ ಯುದ್ಧ ಮುಂದುವರ್ಸಿತು, ಕ್ರಿ.ಪೂ. 404ರಲ್ಲಿ ಸೋತು ತನ್ನ ರಕ್ಷಣಾ ಗೋಡೆ ಬೀಳಿಸ್ಕೋಬೇಕಾಯ್ತು. ಆದ್ರೆ ನಾಟಕದ ಕೊನೇ ಹಾಡು ಯಾರ ಬಾಯಲ್ಲಿದೆ ನೋಡಿ. ಸ್ಪಾರ್ಟಾದೋನು ಎದ್ದು ನಿಂತು, ಅವನದ್ದೇ ಸ್ಪಾರ್ಟಾ ಸೀಮೆ ಮಾತಲ್ಲಿ, ಅವರೂರಿನ ನದಿ ದಂಡೇಲಿ ಕುದುರೆಮರಿಗಳ ಹಾಗೆ ನೆಗೀತಾ ಕುಣಿಯೋ ಹುಡ್ಗೀರನ್ನ ನೆನೆಸ್ಕೊಂಡು ಹಾಡ್ತಾನೆ. ಮಕ್ಕಳನ್ನ ಕಳ್ಕೊಂಡಿದ್ದ ಅಥೆನ್ಸಿನವ್ರು ಕೂತು ಅದನ್ನ ಕೇಳಿದ್ರು.