ನಿಮ್ಮ ಕ್ಯಾರೆಕ್ಟರ್ ಶೀಟ್ ಪಕ್ಕದವರಿಗೆ ಅರ್ಥವಾಗುತ್ತಾ?

ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಆಟಗಳನ್ನು ಆಡುವವರಿಗಾಗಿ ಈ ಬರಹ. ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಅಂತ ಹೆಸರು ಮಾತ್ರ ಕೇಳಿರುವವರಿಗೆ ಒಂದೆರಡು ಮಾತಲ್ಲಿ ಹೇಳಿಬಿಡುತ್ತೇನೆ. ಒಬ್ಬರು ಕತೆ ನಡೆಸುತ್ತಾರೆ (ಇವರೇ ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ), ಉಳಿದವರು ಒಂದೊಂದು ಪಾತ್ರ ಆಡುತ್ತಾರೆ, ಕೈಗೆತ್ತಿಕೊಂಡ ಕೆಲಸ ಆಯಿತೋ ಇಲ್ಲವೋ ಅಂತ ದಾಳ ಹೇಳುತ್ತದೆ. ಆ ಪಾತ್ರದ ಬಲ, ಗಾಯ, ಆಯುಧ, ಮಂತ್ರ, ಜೇಬಿನ ಚಿನ್ನ ಎಲ್ಲವೂ ಇರುವ ಹಾಳೆಯೇ ಕ್ಯಾರೆಕ್ಟರ್ ಶೀಟ್.

ಈ ಹಾಳೆಯ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ಶೀಟ್ ನೀಟಾಗಿರಬೇಕು ಅಂದರೆ ಚೆಂದ ಕಾಣಬೇಕು ಅಂತಲ್ಲ. ನೀವು ನೀರು ಕುಡಿಯೋಕೆ ಎದ್ದು ಹೋದಾಗ ನಿಮ್ಮ ಸರದಿ ಬಂತು ಅಂದುಕೊಳ್ಳಿ. ಪಕ್ಕದಲ್ಲಿ ಕೂತವರು ನಿಮ್ಮನ್ನು ಕೂಗದೆ, ಆ ಹಾಳೆ ನೋಡಿಕೊಂಡೇ ನಿಮ್ಮ ಪಾತ್ರ ಆಡಿಸುವಂತಿರಬೇಕು. ನನ್ನ ಪ್ರಕಾರ ಪರೀಕ್ಷೆ ಇಷ್ಟೇ. ನಾಲ್ಕು ಬಣ್ಣದ ಪೆನ್ನು, ಮೂಲೆಯಲ್ಲಿ ಡ್ರ್ಯಾಗನ್ ಚಿತ್ರ, ಕತ್ತಿಯ ಹೆಸರು ಸುರುಳಿ ಅಕ್ಷರದಲ್ಲಿ, ಇಷ್ಟೆಲ್ಲ ಇದ್ದೂ ಈ ಪರೀಕ್ಷೆಯಲ್ಲಿ ಡುಮ್ಕಿ ಹೊಡೆಯುವ ಶೀಟ್‌ಗಳು ಬೇಕಾದಷ್ಟಿವೆ. ಕಾಟು ಹೊಡೆದು, ಅಳಿಸಿ, ಮೂಲೆ ಮಡಚಿಹೋದ ಶೀಟ್ ಕೂಡ ಆರಾಮಾಗಿ ಪಾಸಾಗಬಹುದು.

ಶೀಟ್ ಹಳೆಯದಾಗುವುದು ಗಮನಕ್ಕೇ ಬರುವುದಿಲ್ಲ. ಡಿ ಆಂಡ್ ಡಿ ಐದನೇ ಆವೃತ್ತಿಯಲ್ಲಿ 4ನೇ ಲೆವೆಲ್‌ನಿಂದ 5ಕ್ಕೆ ಏರಿದಾಗ ಹಿಟ್ ಪಾಯಿಂಟ್, ಅಂದರೆ ಪಾತ್ರ ಎಷ್ಟು ಏಟು ತಾಳಬಲ್ಲದು ಅನ್ನುವ ಅಂಕ, ಹೆಚ್ಚಿಸಿಕೊಳ್ಳೋದನ್ನು ಯಾರೂ ಮರೆಯುವುದಿಲ್ಲ. ಜೀವದ ಪ್ರಶ್ನೆ, ಅಲ್ವಾ. ಆದರೆ ಅದೇ ಹೊತ್ತಿಗೆ ಪ್ರಾಫಿಷಿಯೆನ್ಸಿ ಬೋನಸ್ (ಪಳಗಿದ ಕೆಲಸಕ್ಕೆ ದಾಳದ ಅಂಕಕ್ಕೆ ಕೂಡಿಸುವುದು) +2 ಇದ್ದದ್ದು +3 ಆಗಿರುತ್ತದೆ. ಆ ಒಂದು ಅಂಕ ಆಯುಧದ ಅಟ್ಯಾಕ್‌ಗೂ ಹೋಗಬೇಕು, ಪಳಗಿದ ಸೇವಿಂಗ್ ಥ್ರೋಗೂ (ಅಪಾಯದಿಂದ ಪಾರಾಗೋಕೆ ಹಾಕುವ ದಾಳ) ಹೋಗಬೇಕು, ಪಳಗಿದ ಪ್ರತಿಯೊಂದು ಸ್ಕಿಲ್‌ಗೂ ಹೋಗಬೇಕು. ಮಂತ್ರವಾದಿಯಾದರೆ ಸ್ಪೆಲ್ ಸೇವ್ ಡಿಸಿಗೂ, ಅಂದರೆ ಅವನ ಮಂತ್ರದಿಂದ ಪಾರಾಗೋಕೆ ಎದುರಾಳಿ ದಾಳದಲ್ಲಿ ಮುಟ್ಟಬೇಕಾದ ಅಂಕಕ್ಕೂ. ಪರ್ಸೆಪ್ಷನ್‌ನಲ್ಲಿ (ಸುತ್ತಲಿನದನ್ನು ಗಮನಿಸುವ ಸ್ಕಿಲ್) ಪಳಗಿದ್ದರೆ, ದಾಳ ಹಾಕದೆಯೇ ಲೆಕ್ಕಕ್ಕೆ ಬರುವ ಪ್ಯಾಸಿವ್ ಪರ್ಸೆಪ್ಷನ್ ಕೂಡ ಏರಬೇಕು. ಎರಡು ಕಡೆ ತಿದ್ದಿ ಉಳಿದದ್ದನ್ನು ಹಾಗೇ ಬಿಟ್ಟ ಶೀಟ್, ಏನೂ ತಿದ್ದದ ಶೀಟ್‌ಗಿಂತ ಕೆಟ್ಟದ್ದು. ಪೂರ್ತಿ ಹಳೆಯದಾದರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಅರ್ಧಂಬರ್ಧ ತಿದ್ದಿದ್ದನ್ನು ಎಲ್ಲರೂ ನಂಬಿಬಿಡುತ್ತಾರೆ.

ಇನ್ನೊಂದು ಇದೆ, ಅದು ಇನ್ನೂ ಮಜಾ. ಫೈಟರ್ ಒಬ್ಬ 8ನೇ ಲೆವೆಲ್‌ನಲ್ಲಿ ಕಾನ್‌ಸ್ಟಿಟ್ಯೂಷನ್ (ದೇಹದ ತಾಳಿಕೆ) ಅನ್ನು 15ರಿಂದ 16ಕ್ಕೆ ಏರಿಸಿಕೊಂಡ ಅಂದುಕೊಳ್ಳಿ. ಅದರಿಂದ ಸಿಗುವ ಮಾಡಿಫೈಯರ್, ಅಂದರೆ ಕೂಡಿಸುವ ಅಂಕ, +2ರಿಂದ +3 ಆಯಿತು. ಇದು ಈ ಲೆವೆಲ್‌ಗೆ ಮಾತ್ರ ಅಲ್ಲ, ಹಿಂದಿನ ಎಲ್ಲ ಲೆವೆಲ್‌ಗೂ ಲೆಕ್ಕಕ್ಕೆ ಬರುತ್ತದೆ. ಅಂದರೆ ಲೆವೆಲ್‌ಗೆ ಒಂದರಂತೆ ಒಟ್ಟು 8 ಹಿಟ್ ಪಾಯಿಂಟ್ ಹೆಚ್ಚು. ಇದನ್ನು ಬರೆದುಕೊಳ್ಳದೆ ಗಾಯಗೊಂಡು ಬಿದ್ದವರು "ಈ ಡಿಎಂ ತುಂಬಾ ಕ್ರೂರಿ" ಅಂತ ಗೊಣಗುತ್ತಾರೆ.

ಹಾಗಾಗಿ ನಾನು ಎಲ್ಲರಿಗೂ ಹೇಳೋದು, ಮೊತ್ತದ ಜೊತೆಗೆ ಅದು ಎಲ್ಲಿಂದ ಬಂತು ಅನ್ನೋದನ್ನೂ ಬರೆಯಿರಿ. ಕತ್ತಿಯ ಮುಂದೆ ಸುಮ್ನೆ +8 ಅಂತಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಪಕ್ಕದಲ್ಲೇ ಸಣ್ಣದಾಗಿ "ಬಲ 4, ಪ್ರಾಫಿ 3, ಮಾಯಾ ಕತ್ತಿ 1" ಅಂತ ಇರಲಿ. ನಾಳೆ ಕತ್ತಿ ಕಳೆದುಹೋಗಿ ಮಾಮೂಲಿ ಕತ್ತಿ ಕೈಗೆ ಬಂದರೆ 1 ಕಳೆದರಾಯಿತು, ತಲೆ ಕೆರೆದುಕೊಳ್ಳಬೇಕಾಗಿಲ್ಲ.

ಕ್ಯಾರೆಕ್ಟರ್ ಶೀಟ್ ಇಡುವ ಆಪ್‌ಗಳ ಬಗ್ಗೆ ನನಗಿರುವ ತಕರಾರೂ ಇದೇ. ಆಪ್ ಲೆಕ್ಕ ತಪ್ಪುವುದು ಕಡಿಮೆ, ಒಪ್ಪುತ್ತೇನೆ. ಲೆವೆಲ್ ಏರಿಸಿದರೆ ಎಲ್ಲ ಕಡೆ ತಾನೇ ತಿದ್ದಿಕೊಳ್ಳುತ್ತದೆ. ಹೊಸಬರಿಗೆ ದೊಡ್ಡ ಅನುಕೂಲ. ಆದರೆ ವರ್ಷಗಟ್ಟಲೆ ಆಪ್‌ನಲ್ಲೇ ಆಡಿದವರನ್ನು "ಆ +8 ಹೇಗೆ ಬಂತು?" ಅಂತ ಕೇಳಿ ನೋಡಿ. "ಅದು ಹಾಗೇ ತೋರಿಸ್ತಿದೆ" ಅನ್ನುತ್ತಾರೆ. ಡಿಎಂ ತಾನೇ ಕಟ್ಟಿದ ಒಂದು ಶಾಪವನ್ನೋ ವಿಚಿತ್ರ ಉಂಗುರವನ್ನೋ ಕೊಟ್ಟರಂತೂ ಕತೆ ಮುಗಿಯಿತು, ಅದನ್ನು ಆಪ್‌ನೊಳಗೆ ತುರುಕೋಕೆ ಅರ್ಧ ಗಂಟೆ. ಕಾಗದದಲ್ಲಾದರೆ ಒಂದು ಸಾಲು.

ಕಾಗದದಲ್ಲೂ ಒಂದು ವಿಷಯ ಅರ್ಥ ಮಾಡಿಕೊಳ್ಳಬೇಕು. ಶೀಟಿನಲ್ಲಿರುವ ಎಲ್ಲವೂ ಒಂದೇ ವೇಗದಲ್ಲಿ ಬದಲಾಗುವುದಿಲ್ಲ. ಹೆಸರು, ಕುಲ, ಹಿನ್ನೆಲೆ ಬದಲಾಗೋದೇ ಅಪರೂಪ, ಅವನ್ನು ಪೆನ್ನಲ್ಲಿ ಬರೆದರೂ ನಡೆಯುತ್ತದೆ. ಸ್ಕಿಲ್, ಅಟ್ಯಾಕ್ ಎಲ್ಲ ಲೆವೆಲ್ ಏರಿದಾಗ ಬದಲಾಗುತ್ತವೆ, ಪೆನ್ಸಿಲ್ ಸಾಕು. ಆದರೆ ಆ ಹೊತ್ತಿಗೆ ಉಳಿದಿರುವ ಹಿಟ್ ಪಾಯಿಂಟ್ ಮತ್ತು ಸ್ಪೆಲ್ ಸ್ಲಾಟ್ (ಇನ್ನೆಷ್ಟು ಸಲ ಮಂತ್ರ ಹಾಕಬಹುದು ಅನ್ನುವ ಲೆಕ್ಕ) ಒಂದೇ ಜಗಳದಲ್ಲಿ ಐದಾರು ಸಲ ಬದಲಾಗುತ್ತವೆ. ಅವನ್ನು ಶೀಟಿನ ಮೇಲೆ ಬರೆಯಲೇಬೇಡಿ. ಅಳಿಸಿ ಅಳಿಸಿ ಆ ಚೌಕ ಮೊದಲು ಕಪ್ಪಾಗುತ್ತದೆ, ಆಮೇಲೆ ತೂತಾಗುತ್ತದೆ. ಪಕ್ಕದಲ್ಲೊಂದು ಚೀಟಿ ಇಟ್ಟುಕೊಂಡು 38, 31, 19 ಅಂತ ಕೆಳಗೆ ಕೆಳಗೆ ಬರೆಯುತ್ತಾ ಹೋಗಿ. ಅಳಿಸುವ ಗೋಜಿಲ್ಲ. ಎರಡು ಸುತ್ತಿನ ಹಿಂದೆ ಎಷ್ಟಿತ್ತು ಅಂತ ಜಗಳ ಬಂದರೆ ಅದಕ್ಕೂ ಉತ್ತರ ಅಲ್ಲೇ ಇರುತ್ತದೆ. ಪೆನ್ಸಿಲ್ ಎಚ್‌ಬಿ ಇರಲಿ, 2ಬಿ ಕೈಗೆಲ್ಲ ಮೆತ್ತಿಕೊಳ್ಳುತ್ತದೆ.

ಮಂತ್ರಗಳ ಪಟ್ಟಿಗೂ ಇದೇ ಮಾತು. ಬರೀ "ಫೈರ್‌ಬಾಲ್" ಅಂತ ಬರೆದುಕೊಂಡವರು ಪ್ರತಿ ಸಲ ಪುಸ್ತಕ ತೆರೆಯುತ್ತಾರೆ, ಉಳಿದವರೆಲ್ಲ ಕಾಯುತ್ತಾರೆ. "150 ಅಡಿ ದೂರ, 20 ಅಡಿ ಸುತ್ತ, ಡೆಕ್ಸ್ ಸೇವ್, 8ಡಿ6" ಅಂತ ಒಂದು ಸಾಲು ಬರೆದರೆ ಮುಗಿಯಿತು (ಡೆಕ್ಸ್ ಅಂದರೆ ಚುರುಕುತನ, 8ಡಿ6 ಅಂದರೆ ಆರು ಮುಖದ ಎಂಟು ದಾಳ). ಕಾನ್‌ಸಂಟ್ರೇಷನ್ (ಏಕಾಗ್ರತೆ) ಬೇಕಾದ ಮಂತ್ರಗಳಿಗೆ ಒಂದು ಸುತ್ತು ಹಾಕಿಡಿ, ಅಂಥದ್ದು ಒಂದು ಸಲಕ್ಕೆ ಒಂದೇ ನಡೆಯುತ್ತದೆ. ಬ್ಲೆಸ್ ನಡೆಯುತ್ತಿರುವಾಗಲೇ ಹೇಸ್ಟ್ ಹಾಕಿ ಬ್ಲೆಸ್ ಕಳೆದುಕೊಂಡವರನ್ನು ಜಾಸ್ತಿ ನೋಡಿದ್ದೇನೆ.

ಸಾಮಾನಿನ ಪಟ್ಟಿ ಅಂತೂ ಮನೆಯ ಅಟ್ಟ ಇದ್ದ ಹಾಗೆ, ಮೇಲೆ ಹಾಕಿದ್ದು ಕೆಳಗಿಳಿಯುವುದೇ ಇಲ್ಲ. ಕುಡಿದು ಮುಗಿಸಿದ ಪೋಷನ್, ಮಾರಿದ ಗುರಾಣಿ, "ವಿಚಿತ್ರ ಕೀಲಿಕೈ". ಯಾರು ಕೊಟ್ಟರು? ಯಾವ ಬಾಗಿಲಿಗೆ? ದೇವರೇ ಬಲ್ಲ. ಡಿಎಂಗೂ ಮರೆತುಹೋಗಿರುತ್ತದೆ. ಸಿಕ್ಕಿದ ದಿನವೇ ಪಕ್ಕದಲ್ಲಿ ಮೂರು ಪದ ಬರೆಯಿರಿ, "ಗಿರಣಿಯ ಮುದುಕಿ ಕೊಟ್ಟದ್ದು" ಅಂತ. ಆ ಮೂರು ಪದದಿಂದ ಮುಂದೊಂದು ದಿನ ಇಡೀ ಸಾಹಸ ಹುಟ್ಟಬಹುದು.

ಶೀಟ್ ತಿದ್ದೋದು ಗುಮಾಸ್ತರ ಕೆಲಸ, ಆಟ ಅಂದರೆ ಕಲ್ಪನೆ ಅನ್ನುವವರಿದ್ದಾರೆ. ಅವರು ಒಮ್ಮೆ ಕಾಲ್ ಆಫ್ ಕ್ತುಲ್ಹು ಆಡಬೇಕು. 1981ರಿಂದ ಇರುವ ಇನ್ನೊಂದು ರೋಲ್ ಪ್ಲೇಯಿಂಗ್ ಆಟ. ಅದರಲ್ಲಿ ಸ್ಕಿಲ್ ಪಕ್ಕ ಒಂದು ಪುಟ್ಟ ಚೌಕ ಇರುತ್ತದೆ. ಆಟದಲ್ಲಿ ಆ ಸ್ಕಿಲ್ ಬಳಸಿ ಗೆದ್ದರೆ ಅಲ್ಲಿ ಟಿಕ್. ಆಮೇಲೆ ಆ ಟಿಕ್‌ಗಳಿಗೆ ದಾಳ ಹಾಕಬೇಕು. ಈಗಿರುವ ಅಂಕಕ್ಕಿಂತ ಹೆಚ್ಚು ಬಿದ್ದರೆ ಮಾತ್ರ ಸ್ಕಿಲ್ ಬೆಳೆಯುತ್ತದೆ. ಹಾಗಾಗಿ ಚೆನ್ನಾಗಿ ಬಲ್ಲ ವಿದ್ಯೆ ಬೆಳೆಯೋದು ಕಷ್ಟ, ಅರೆಬರೆ ಗೊತ್ತಿರೋದು ಬೇಗ ಬೆಳೆಯುತ್ತದೆ. ಎಷ್ಟು ನಿಜ ಅಲ್ವಾ! ಅಲ್ಲಿ ಶೀಟ್ ತಿದ್ದುವ ಹೊತ್ತೇ ಎಲ್ಲರೂ ಮುಂದಕ್ಕೆ ಬಾಗಿ ದಾಳ ನೋಡುವ ಹೊತ್ತು. ಟಿಕ್ ಹಾಕದವರಿಗೆ ಆ ಸಂಭ್ರಮವೂ ಇಲ್ಲ, ಬೆಳವಣಿಗೆಯೂ ಇಲ್ಲ.

ಹಾಗಾದರೆ ತಿದ್ದೋದು ಯಾವಾಗ? ಮನೆಗೆ ಹೋಗಿ ಮಾಡ್ತೀನಿ ಅನ್ನೋದು ಆಗದ ಮಾತು. ಬ್ಯಾಗಿಗೆ ಹೋದ ಶೀಟ್ ಹೊರಗೆ ಬರೋದು ಮುಂದಿನ ಆಟಕ್ಕೇ. ಆಟ ಮುಗಿದ ಕೂಡಲೇ, ಎಲ್ಲರೂ ಇನ್ನೂ ಕೂತಿರುವಾಗಲೇ ಹತ್ತು ನಿಮಿಷ ಕೊಡಿ. ಆ ಹತ್ತು ನಿಮಿಷ ಎತ್ತಿಡೋದು ಡಿಎಂ ಕೆಲಸ. ಚಿನ್ನ ಎಷ್ಟು, ಎಕ್ಸ್‌ಪಿ (ಅನುಭವದ ಅಂಕ) ಎಷ್ಟು, ಉಂಗುರ ಯಾರಿಗೆ, ಎಲ್ಲ ಅಲ್ಲೇ ಹೇಳಿ, ಅಲ್ಲೇ ಬರೆಸಬೇಕು. ಆಟ ಮುಗಿದು ಮೂರು ದಿನ ಆದ ಮೇಲೆ ಮಧ್ಯರಾತ್ರಿ ಗ್ರೂಪಿನಲ್ಲಿ ಲೂಟಿ ಹಂಚುವ ಡಿಎಂಗಳು ಯಾರ ಶೀಟಿನ ಬಗ್ಗೆಯೂ ಬಾಯಿ ತೆರೆಯಬಾರದು.