ಅಂಶ ಹೇಳುತ್ತಾರೆ, ಛೇದ ನುಂಗುತ್ತಾರೆ

ಭಿನ್ನರಾಶಿಯಲ್ಲಿ ಗೆರೆಯ ಮೇಲಿರುವುದು ಅಂಶ, ಕೆಳಗಿರುವುದು ಛೇದ. ಪ್ರೈಮರಿ ಶಾಲೆಯ ಪಾಠ. ನಿಮ್ಮನ್ನು ಬೆಚ್ಚಿಬೀಳಿಸಿದ ಯಾವುದೇ ಸುದ್ದಿಯನ್ನು ಮತ್ತೊಮ್ಮೆ ಓದಿ ನೋಡಿ, ಅಂಶ ಇರುತ್ತದೆ, ಛೇದ ಇರುವುದಿಲ್ಲ. "ಮೂವರು ಬಲಿ" ಅಂತ ಇರುತ್ತದೆ. ಎಷ್ಟು ಜನರಲ್ಲಿ ಮೂವರು, ಎಷ್ಟು ದಿನಗಳಲ್ಲಿ ಮೂವರು, ಹೋದ ವರ್ಷ ಇದೇ ಹೊತ್ತಿಗೆ ಎಷ್ಟಿತ್ತು ಅನ್ನುವುದು ಇರುವುದಿಲ್ಲ. ಯಾರನ್ನು ಕಂಡರೂ ಅನುಮಾನ ಪಡುವ ಈ ಕಾಲಕ್ಕೆ ಸುಳ್ಳುಸುದ್ದಿ ಕಾರಣ ಅಂತ ಎಲ್ಲರೂ ಬೈಯುತ್ತಾರೆ. ನನಗನ್ನಿಸುವುದು, ಸುಳ್ಳಿಗಿಂತ ಹೆಚ್ಚು ಕೆಲಸ ಮಾಡಿರುವುದು ಛೇದ ಕಳಚಿಟ್ಟ ನಿಜ ಸುದ್ದಿ.

1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಒಂದು ಎಚ್ಚರಿಕೆ ಕೊಟ್ಟಿತು. ಮೂರನೇ ತಲೆಮಾರಿನ, ಅಂದರೆ ಹೊಸ ಬಗೆಯ ಗರ್ಭನಿರೋಧಕ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹಳೇ ಮಾತ್ರೆಗಿಂತ ದುಪ್ಪಟ್ಟು, ಅಂದರೆ ಶೇ. 100 ಹೆಚ್ಚಳ. ಪತ್ರಿಕೆ, ಟಿವಿ ಎಲ್ಲ ಅದನ್ನೇ ಎತ್ತಿ ಹಿಡಿದವು. ಹೆಂಗಸರು ಹೆದರಿ ಮಾತ್ರೆ ಬಿಟ್ಟರು. ಛೇದ ಹಾಕಿ ನೋಡಿದರೆ ಲೆಕ್ಕ ಹೀಗಿತ್ತು: ಹಳೇ ಮಾತ್ರೆ ನುಂಗುವ 7,000 ಹೆಂಗಸರಲ್ಲಿ ಒಬ್ಬರಿಗೆ ತೊಂದರೆಯಾಗುತ್ತಿತ್ತು, ಹೊಸ ಮಾತ್ರೆಯಲ್ಲಿ ಇಬ್ಬರಿಗೆ. ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಂದಾಜು 13,000 ಗರ್ಭಪಾತಗಳು ಹೆಚ್ಚಾದವು. ವಿಪರ್ಯಾಸ ಏನೆಂದರೆ, ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಆ ಮಾತ್ರೆಯದಕ್ಕಿಂತ ಹೆಚ್ಚು. "ದುಪ್ಪಟ್ಟು" ಅನ್ನುವ ಪದದಲ್ಲಿ ಸುಳ್ಳೇನೂ ಇರಲಿಲ್ಲ. 7,000 ಅನ್ನುವ ಅಂಕಿ ಬಿಟ್ಟುಹೋಗಿತ್ತು, ಅಷ್ಟೇ.

2001ರ ಸೆಪ್ಟೆಂಬರ್ 11ರ ವಿಮಾನ ದಾಳಿಯ ನಂತರ ಅಮೆರಿಕದಲ್ಲೂ ಇದೇ ಆಯಿತು. ವಿಮಾನಕ್ಕೆ ಹೆದರಿದವರು ಕಾರು ಹತ್ತಿದರು. ಮುಂದಿನ ಹನ್ನೆರಡು ತಿಂಗಳಲ್ಲಿ ಇದರಿಂದಾಗಿ ರಸ್ತೆಯಲ್ಲಿ ಸುಮಾರು 1,500 ಜನ ಹೆಚ್ಚು ಸತ್ತರು ಅಂತ ಮನೋವಿಜ್ಞಾನಿ ಗರ್ಡ್ ಗಿಗರೆನ್ಜರ್ ಲೆಕ್ಕ ಹಾಕಿದ್ದಾರೆ. ರಸ್ತೆಯಲ್ಲಿ ಒಬ್ಬೊಬ್ಬರಾಗಿ ಸತ್ತವರಿಗೆ ನೇರಪ್ರಸಾರ ಇರಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಎಲ್ಲರೂ ತನಗೆ ಕೇಡು ಬಗೆಯುತ್ತಿದ್ದಾರೆ ಅನ್ನಿಸುವ, ವೈದ್ಯರು ಪ್ಯಾರನಾಯ ಅಂತ ಕರೆಯುವ ಕಾಯಿಲೆ ಬೇರೆ, ಅದಕ್ಕೆ ಚಿಕಿತ್ಸೆ ಬೇಕು, ಆ ರೋಗಿಗಳನ್ನು ಆಡಿಕೊಳ್ಳುವ ಉದ್ದೇಶ ನನಗಿಲ್ಲ. ನಾನು ಹೇಳುತ್ತಿರುವುದು ಆರೋಗ್ಯವಂತರ ತಲೆಯಲ್ಲೇ ಓಡಾಡುವ ಸಂಶಯದ ಬಗ್ಗೆ. ಬ್ರಿಟನ್ನಿನ ಮನೋವಿಜ್ಞಾನಿ ಡೇನಿಯಲ್ ಫ್ರೀಮನ್ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 200 ಜನಸಾಮಾನ್ಯರನ್ನು ವರ್ಚುವಲ್ ರಿಯಾಲಿಟಿ ಕನ್ನಡಕ ಹಾಕಿಸಿ ಲಂಡನ್ ಮೆಟ್ರೊ ಬೋಗಿಯಲ್ಲಿ ಓಡಾಡಿಸಿದರು. ಅಲ್ಲಿದ್ದ ಪ್ರಯಾಣಿಕರೆಲ್ಲ ಕಂಪ್ಯೂಟರ್ ಬೊಂಬೆಗಳು, ಯಾರಿಗೂ ಏನೂ ಮಾಡದಂತೆ ರೂಪಿಸಿದವು. ಆದರೂ ಅನೇಕರು "ಆತ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ" ಎಂದರು. ಅನುಮಾನದ ಬೀಜ ಎಲ್ಲರೊಳಗೂ ಇದೆ. ನೀರು ಹಾಕುವವರು ಯಾರು ಅನ್ನುವುದಷ್ಟೇ ಪ್ರಶ್ನೆ.

ಆ ನೀರಿನ ಲೆಕ್ಕವನ್ನು 1970ರ ದಶಕದಲ್ಲೇ ಬರೆದಿಟ್ಟವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜಾರ್ಜ್ ಗರ್ಬ್ನರ್. ಟಿವಿ ಹೆಚ್ಚು ನೋಡುವವರು ತಮ್ಮ ಮೇಲೆ ಹಲ್ಲೆ ಆಗುವ ಸಂಭವವನ್ನು ಇರುವುದಕ್ಕಿಂತ ಹೆಚ್ಚು ಅಂತ ಭಾವಿಸುತ್ತಾರೆ, ಅಪರಿಚಿತರನ್ನು ನಂಬುವುದು ಕಮ್ಮಿ ಅಂತ ಅವರು ಕಂಡುಕೊಂಡರು. ಅದಕ್ಕೆ 'ಮೀನ್ ವರ್ಲ್ಡ್ ಸಿಂಡ್ರೋಮ್' (ಲೋಕವೇ ಕೆಟ್ಟದ್ದು ಅನ್ನಿಸುವ ಕಾಯಿಲೆ) ಅಂತ ಹೆಸರಿಟ್ಟರು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅಂತೀವಲ್ಲ, ಅದು. ಅಮೆರಿಕದಲ್ಲಿ 1993ರಿಂದೀಚೆಗೆ ಹಿಂಸಾತ್ಮಕ ಅಪರಾಧದ ಪ್ರಮಾಣ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿದೆ. ಅದೇ ಅವಧಿಯಲ್ಲಿ ಜನಾಭಿಪ್ರಾಯ ಸಮೀಕ್ಷೆ ಮಾಡುವ ಗ್ಯಾಲಪ್ ಸಂಸ್ಥೆ ಕೇಳಿದಾಗಲೆಲ್ಲ, ಬೆರಳೆಣಿಕೆಯ ವರ್ಷ ಬಿಟ್ಟರೆ, ಹೆಚ್ಚಿನವರು ಕೊಟ್ಟ ಉತ್ತರ ಒಂದೇ: ಹೋದ ವರ್ಷಕ್ಕಿಂತ ಈ ವರ್ಷ ಅಪರಾಧ ಜಾಸ್ತಿ.

ಟಿವಿ ಇದನ್ನು ಹೇಗೆ ಮಾಡುತ್ತದೆ ಅಂತ ನೋಡಬೇಕಾದರೆ ಸೌಂಡ್ ಮ್ಯೂಟ್ ಮಾಡಿ ಕೂತುಕೊಳ್ಳಿ. ಹನ್ನೆರಡು ಸೆಕೆಂಡಿನ ಒಂದು ಸಿಸಿಟಿವಿ ತುಣುಕು ಸಿಕ್ಕಿದೆ ಅಂದುಕೊಳ್ಳಿ. ಅರ್ಧ ಗಂಟೆಯ ಚರ್ಚೆ ನಡೆಯುವಾಗ ಪಕ್ಕದ ಕಿಟಕಿಯಲ್ಲಿ ಅದು ಸುತ್ತುತ್ತಲೇ ಇದ್ದರೆ 150 ಸಲ ಆಯಿತು. ಹೊಡೆತ ಬಿದ್ದಿರುವುದು ಒಂದು, ಕಣ್ಣು ಕಂಡಿದ್ದು ನೂರೈವತ್ತು. ಯಾವುದು ಸುಲಭವಾಗಿ ನೆನಪಿಗೆ ಬರುತ್ತದೋ ಅದೇ ಹೆಚ್ಚು ನಡೆಯುತ್ತದೆ ಅಂತ ಮನಸ್ಸು ಲೆಕ್ಕ ಹಾಕುತ್ತದೆ ಅನ್ನುವುದನ್ನು ಮನೋವಿಜ್ಞಾನಿಗಳಾದ ಟ್ವರ್ಸ್ಕಿ ಮತ್ತು ಕಾನೆಮನ್ 1973ರಲ್ಲೇ ತೋರಿಸಿದ್ದರು. 2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದ ನಂತರ ನಡೆದ ಅಧ್ಯಯನದ ಫಲಿತಾಂಶ ಇನ್ನೂ ವಿಚಿತ್ರ. ಆ ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಸ್ಫೋಟದ ಸುದ್ದಿಯಲ್ಲೇ ಮುಳುಗಿದ್ದವರಲ್ಲಿ ಕಂಡ ಮಾನಸಿಕ ಒತ್ತಡ, ಸ್ಥಳದಲ್ಲೇ ಇದ್ದವರಿಗಿಂತ ಜಾಸ್ತಿ ಇತ್ತು.

ಚಾನೆಲ್ಲುಗಳಿಗೂ ಒಂದು ಕಷ್ಟ ಇದೆ, ಒಪ್ಪೋಣ. 1980ರಲ್ಲಿ ಸಿಎನ್‌ಎನ್ ಶುರುವಾದ ಮೇಲೆ ದಿನದ 24 ಗಂಟೆಯನ್ನೂ ತುಂಬಿಸಬೇಕಾಯಿತು, ಅಷ್ಟು ಸುದ್ದಿ ಜಗತ್ತಿನಲ್ಲಿ ಆಗುವುದಿಲ್ಲ. ಉಳಿದ ಜಾಗಕ್ಕೆ ಊಹೆ ಬಂದು ಕೂರುತ್ತದೆ. ಅದರ ಗುರುತು ಪ್ರಶ್ನಾರ್ಥಕ ಚಿಹ್ನೆ. "ಹಿಂದಿದೆಯಾ ದೊಡ್ಡ ಜಾಲ?" ಅಂತ ಕೇಳಿದರೆ ಸಾಕು, ಸಾಬೀತು ಮಾಡುವ ಹೊಣೆ ಇಲ್ಲ, ನೋಡುವವರ ಮನಸ್ಸಿನಲ್ಲಿ ಜಾಲ ಮಾತ್ರ ನೇಯ್ದಾಯಿತು. ಪ್ರಶ್ನೆಯ ಶೀರ್ಷಿಕೆ ಕಂಡರೆ "ಇಲ್ಲ" ಅಂತ ಉತ್ತರ ಕೊಟ್ಟುಕೊಂಡು ಮುಂದೆ ಓದಿ. ಸುದ್ದಿಮನೆಯಲ್ಲಿ ಪುರಾವೆ ಇದ್ದಿದ್ದರೆ ಪ್ರಶ್ನೆ ಹಾಕುತ್ತಿರಲಿಲ್ಲ.

ಆನ್‌ಲೈನ್ ಸುದ್ದಿಯಲ್ಲಿ ಕೆಟ್ಟದ್ದಕ್ಕೆ ಎಷ್ಟು ಗಿರಾಕಿ ಅನ್ನುವುದಕ್ಕೆ ಅಂಕಿಯೇ ಇದೆ. ಅಪ್‌ವರ್ದಿ ತಾಣದ ಸುಮಾರು 1,05,000 ಶೀರ್ಷಿಕೆಗಳನ್ನು ಪರೀಕ್ಷಿಸಿ 2023ರಲ್ಲಿ ಬಂದ ಅಧ್ಯಯನದ ಪ್ರಕಾರ, ಸಾಮಾನ್ಯ ಉದ್ದದ ಶೀರ್ಷಿಕೆಗೆ ಒಂದು ನಕಾರಾತ್ಮಕ ಪದ ಸೇರಿದರೆ ಕ್ಲಿಕ್ ಪ್ರಮಾಣ ಶೇ. 2.3 ಏರುತ್ತದೆ. ಒಂದು ಪದಕ್ಕೆ ಇಷ್ಟು ಲಾಭ ಅಂದರೆ ಯಾವ ಸಂಪಾದಕ ಬಿಟ್ಟಾನು?

ಛೇದ ಕತ್ತರಿಸುವುದು ಒಂದು ವಿದ್ಯೆಯಾದರೆ ಕೊನೆ ಕತ್ತರಿಸುವುದು ಇನ್ನೊಂದು. 2018ರಲ್ಲಿ ಭಾರತದ ಮೊಬೈಲ್‌ಗಳಲ್ಲಿ ಓಡಾಡಿದ ಮಕ್ಕಳ ಕಳ್ಳರ ವಿಡಿಯೊ ನೆನಪಿರಬಹುದು: ಬೈಕ್‌ನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ತೆಗೆದ ಜಾಗೃತಿ ಚಿತ್ರ. ಮೂಲದಲ್ಲಿ ಬೈಕಿನವರು ವಾಪಸ್ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯ ಕೆಲವು ಸೆಕೆಂಡುಗಳನ್ನು ಯಾರೋ ಕತ್ತರಿಸಿದರು. ದಾರಿಹೋಕರನ್ನು ಹಿಡಿದು ಹೊಡೆದು ಕೊಂದ ಘಟನೆಗಳು ಆ ವರ್ಷ ಒಂದಾದ ಮೇಲೊಂದು ನಡೆದವು.

ಇಂಥ ವಿಡಿಯೊ ಬಂದರೆ ಮಾಡಬೇಕಾದ್ದು: ಅಂಗಡಿ ಬೋರ್ಡು, ಗಾಡಿ ನಂಬರು, ಸಮವಸ್ತ್ರ ಇಂಥದ್ದು ಕಾಣುವ ಜಾಗದಲ್ಲಿ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ, ಚಿತ್ರ ಕೊಟ್ಟರೆ ಅಂಥದ್ದೇ ಚಿತ್ರ ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಹಾಕಿ. ಬರುವ ಫಲಿತಾಂಶಗಳಲ್ಲಿ ಮೊದಲನೆಯದನ್ನಲ್ಲ, ಎಲ್ಲಕ್ಕಿಂತ ಹಳೇ ತಾರೀಕಿನದನ್ನು ಹುಡುಕಿ. ಏನೂ ಸಿಗದಿದ್ದರೆ ವಿಡಿಯೊ ನಿಜ ಅಂತ ಅರ್ಥವಲ್ಲ. ಎಡಬಲ ತಿರುಗಿಸಿ ಹಾಕಿರುತ್ತಾರೆ, ಬೋರ್ಡಿನ ಅಕ್ಷರ ಉಲ್ಟಾ ಇದೆಯೇ ನೋಡಿ. ವಾಟ್ಸ್ಆ್ಯಪ್‌ನಲ್ಲಿ ಜೋಡಿ ಬಾಣದ ಗುರುತಿದ್ದರೆ ಆ ಸಂದೇಶ ಕನಿಷ್ಠ ಐದು ಕೈ ದಾಟಿ ಬಂದಿದೆ. 2020ರ ಏಪ್ರಿಲ್‌ನಲ್ಲಿ ಇಂಥವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸುವಂತೆ ಮಿತಿ ಹಾಕಿದ ಮೇಲೆ ಅವುಗಳ ಓಡಾಟ ಶೇ. 70 ತಗ್ಗಿತು ಅಂತ ಕಂಪನಿಯೇ ಹೇಳಿತು. ಆದರೆ ಗುರುತು ಇಲ್ಲ ಅಂದಮಾತ್ರಕ್ಕೆ ನೆಮ್ಮದಿ ಬೇಡ. ಫೋನಿಗೆ ಸೇವ್ ಮಾಡಿ ಮತ್ತೆ ಕಳಿಸಿದರೆ ಬಾಣ ಮಾಯ. ಇನ್ನು "ಇದು ನಿಜಾನಾ?" ಅಂತ ಕೇಳಿ ನಾಲ್ಕು ಗ್ರೂಪಿಗೆ ಹಾಕುವವರು ದಯವಿಟ್ಟು ಗಮನಿಸಿ, ನೀವೂ ಹಂಚಿದ ಹಾಗೇ. ಕೇಳಲೇಬೇಕಿದ್ದರೆ ಗೊತ್ತಿರುವ ಒಬ್ಬರನ್ನು ಕೇಳಿ. ಸಿಟ್ಟಿನಿಂದ ಕೊನೇವರೆಗೆ ನೋಡಿದರೂ ಆ್ಯಪ್‌ಗೆ ಸಿಟ್ಟು ಕಾಣುವುದಿಲ್ಲ, ನೀವು ಎಷ್ಟು ಹೊತ್ತು ನೋಡಿದಿರಿ ಅನ್ನುವುದು ಮಾತ್ರ ಕಾಣುತ್ತದೆ. ನಾಳೆ ಅಂಥದ್ದೇ ಹತ್ತು ಬಡಿಸುತ್ತದೆ.

ಇದನ್ನೆಲ್ಲ ಓದಿ "ಮಾಧ್ಯಮದವರೆಲ್ಲ ಮಾರಿಕೊಂಡಿದ್ದಾರೆ, ಯಾರನ್ನೂ ನಂಬಬಾರದು" ಅಂತ ಕಾಮೆಂಟ್ ಹಾಕಲು ಹೊರಟಿದ್ದರೆ ತುಸು ನಿಲ್ಲಿ. ಅದೂ ಅದೇ ಕಾಯಿಲೆ. ಮಾತ್ರೆಯ ಎಚ್ಚರಿಕೆಯಲ್ಲಿ ಸಂಚೇನೂ ಇರಲಿಲ್ಲ, ಅವಸರ ಇತ್ತು. ಎಲ್ಲದರ ಹಿಂದೆ ಒಬ್ಬ ಸೂತ್ರಧಾರನನ್ನು ಹುಡುಕುವವರನ್ನು ಹಿಡಿದಿಡುವುದು ಇನ್ನೂ ಸುಲಭ. ಪತ್ರಿಕೆ ಬಿಟ್ಟವರು ಸುದ್ದಿ ಬಿಟ್ಟಿರುವುದಿಲ್ಲ, ತಿದ್ದುಪಡಿ ಹಾಕುವ ಅಭ್ಯಾಸವೇ ಇಲ್ಲದ ಯೂಟ್ಯೂಬ್ ಚಾನೆಲ್ಲಿಗೆ ಹೋಗಿರುತ್ತಾರೆ.

ಬ್ರೇಕಿಂಗ್ ನ್ಯೂಸ್ ನೋಟಿಫಿಕೇಶನ್ ಆಫ್ ಮಾಡಿ, ದಿನಕ್ಕೊಂದು ಹೊತ್ತು ಗೊತ್ತುಮಾಡಿಕೊಂಡು ಓದಿ. ಇದನ್ನು ಎಲ್ಲರೂ ಹೇಳುತ್ತಾರೆ, ನಾನೂ ಹೇಳಿದೆ. ಯಾರೂ ಹೇಳದ ಇನ್ನೊಂದು ಕೆಲಸ ಇದೆ. ತುಂಬ ಹೆದರಿಸಿದ ಸುದ್ದಿಯ ಹೆಸರು, ಸ್ಥಳ, ಸಂಖ್ಯೆ ಮೂರನ್ನೂ ಫೋನಿನಲ್ಲಿ ಬರೆದಿಟ್ಟು, ಹದಿನೈದು ದಿನಕ್ಕೆ ರಿಮೈಂಡರ್ ಹಾಕಿ. ಅವತ್ತು ಅದೇ ಪದಗಳನ್ನು ಮತ್ತೆ ಹುಡುಕಿ. ವಶಕ್ಕೆ ಪಡೆದವನನ್ನು ಪೊಲೀಸರು ಬಿಟ್ಟು ಕಳಿಸಿದ್ದು, "ನಿಗೂಢ ಕಾಯಿಲೆ"ಗೆ ಲ್ಯಾಬಿನವರು ಮಾಮೂಲಿ ಹೆಸರು ಕೊಟ್ಟಿದ್ದು, ಮೊದಲ ದಿನದ ಸಂಖ್ಯೆ ಕೆಳಗಿಳಿದಿದ್ದು ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಾಗಿ ಬಂದಿರುತ್ತದೆ. ಸಂಖ್ಯೆ ಏರಿದ್ದರೂ ಗೊತ್ತಾಗುತ್ತದೆ, ಆಗ ಹೆದರಿಕೆಗೆ ಕಾರಣ ಇದೆ.